ಟೆಂಡರ್ ಎಲ್ಲರಿಗೂ ಕಾಣುತ್ತದೆ, ಬಿಲ್ಲಿನ ಸಾಲು ಯಾಕೆ ಕಾಣಬಾರದು? ಆರ್ಥಿಕ ಇಲಾಖೆಗೆ ಕೊಪ್ಪಳದಿಂದ ಒಂದು ಬಹಿರಂಗ ಪತ್ರ

ಗೆ,
ಹಿರಿಯ ಅಧಿಕಾರಿಗಳು,
ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ಸಾಹೇಬರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಕಾಮಗಾರಿಗೆ ಟೆಂಡರ್ ಕರೆದದ್ದು ಯಾವಾಗ, ಅಂದಾಜು ಎಷ್ಟು, ಯಾರ್ಯಾರು ಭಾಗವಹಿಸಿದರು ಅನ್ನೋದನ್ನು ಇವತ್ತು ಯಾರು ಬೇಕಾದರೂ ಸರ್ಕಾರದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಕುಳಿತಲ್ಲೇ ನೋಡಬಹುದು. ಆದರೆ ಕೆಲಸ ಮುಗಿದ ಮೇಲೆ ಯಾರ ಬಿಲ್ ಯಾವಾಗ ಬಂತು, ಯಾರದ್ದು ಯಾಕೆ ನಿಂತಿದೆ, ಯಾರನ್ನು ಹಿಂದೆ ಹಾಕಿ ಯಾರದ್ದು ಮುಂದೆ ಹೋಯಿತು ಅನ್ನೋದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಬೇಡಿಕೆ ಒಂದೇ. ಆ ಬಿಲ್ಲುಗಳ ಸಾಲನ್ನೂ ಅದೇ ಪೋರ್ಟಲ್‌ನಲ್ಲಿ, ಅದೇ ಟೆಂಡರ್ ನಂಬರಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಹಾಕಿ.

ಲೋಕೋಪಯೋಗಿ ಇಲಾಖೆಗೋ ಪಂಚಾಯತ್ ರಾಜ್ ಇಲಾಖೆಗೋ ಬರೆಯುವುದು ಬಿಟ್ಟು ನಿಮಗೆ ಬರೆಯಲು ಕಾರಣವಿದೆ. ಟೆಂಡರ್ ಕಾಯ್ದೆಯ ನಿಯಮ ತಿದ್ದುವುದೂ ನೀವೇ, ದುಡ್ಡು ಬಿಡುಗಡೆ ಮಾಡುವುದೂ ನೀವೇ. ಎರಡೂ ಕೀಲಿ ಒಂದೇ ಮೇಜಿನ ಮೇಲಿವೆ. ಬಹಿರಂಗವಾಗಿ ಬರೆಯಲೂ ಕಾರಣವಿದೆ. ಒಳಗೊಳಗೆ ಕೊಟ್ಟ ಮನವಿಗೆ ಸ್ವೀಕೃತಿ ಸೀಲು ಬೀಳುತ್ತದೆ, ಅಷ್ಟೇ. ಅದರಾಚೆ ಏನೂ ಆಗಿದ್ದು ನಾನು ಕಂಡಿಲ್ಲ.

ನಾನು ಕೊಪ್ಪಳ ಜಿಲ್ಲೆಯ ಸಣ್ಣ ಗುತ್ತಿಗೆದಾರ. ಫ್ಲೈಓವರ್ ಕಟ್ಟುವವನಲ್ಲ. ಓಣಿಯ ಸಿಸಿ ರಸ್ತೆ, ಚರಂಡಿ, ಅಂಗನವಾಡಿ ಕಟ್ಟಡ, ಶಾಲೆಗೆ ಎರಡು ಕೋಣೆ, ಹೊಲದ ದಾರಿಗೆ ಒಂದು ಸಿಡಿ (ನೀರು ದಾಟಿಸುವ ಸಣ್ಣ ಮೋರಿ), ಇಂಥವು ನನ್ನ ಕೆಲಸ. ಗಂಗಾವತಿ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ ಕಡೆ ನನ್ನಂಥವರು ಊರಿಗೊಬ್ಬರು ಸಿಗುತ್ತಾರೆ. ಗುತ್ತಿಗೆದಾರ ಅಂದ ಕೂಡಲೇ ಜನರ ಮನಸ್ಸಿಗೆ ಬರುವ ಚಿತ್ರ ಬಿಳಿ ಕಾರು, ಕೈತುಂಬ ಉಂಗುರ. ಅಂಥವರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಉಳಿದವರ ಬಳಿ ಒಂದು ಹಳೆಯ ಮಿಕ್ಸರ್, ಒಂದಿಷ್ಟು ಸೆಂಟ್ರಿಂಗ್ ಸಾಮಾನು, ಹೆಂಡತಿಯ ಬಂಗಾರ ಅಡ ಇಟ್ಟ ಚೀಟಿ ಇರುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಸುಮ್ನೆ ಬೈಯೋಕೆ ಬರೆದಿದ್ದಾನೆ ಅಂದುಕೊಳ್ಳಬೇಡಿ. ಟೆಂಡರ್ ಪಾರದರ್ಶಕತೆ ಕಾಯ್ದೆ 1999ರಲ್ಲಿ ಆಯಿತು, ನಿಯಮಗಳು 2000ದಲ್ಲಿ ಬಂದವು. ಅದಕ್ಕೂ ಮೊದಲು ಮತ್ತು ಆಮೇಲೂ ಕೆಲವು ವರ್ಷ ಟೆಂಡರ್ ಅಂದರೆ ಪೆಟ್ಟಿಗೆಗೆ ಲಕೋಟೆ ಹಾಕುವುದು. ಫಾರಂ ಕೇಳಿದರೆ "ಮುಗಿದಿವೆ, ನಾಳೆ ಬಾ" ಅನ್ನುತ್ತಿದ್ದರು. ಫಾರಂ ಸಿಕ್ಕರೂ ಕೊನೇ ದಿನ ಕಚೇರಿಯ ಬಾಗಿಲಲ್ಲಿ ನಾಲ್ಕು ಮಂದಿ ನಿಂತಿರುತ್ತಿದ್ದರು, ಒಳಗೆ ಹೋಗೋಕೆ ಬಿಡುತ್ತಿರಲಿಲ್ಲ. ಈ ಕಥೆ ನಮ್ಮ ಹಿರಿಯ ಗುತ್ತಿಗೆದಾರರ ಬಾಯಲ್ಲಿ ಇನ್ನೂ ಇದೆ. ಇ-ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್, ಬಂದು ಆ ಬಾಗಿಲು ಹೋಯಿತು. ರಾತ್ರಿ ಊಟ ಮಾಡಿ, ಡಿಎಸ್‌ಸಿ ಕೀ (ಡಿಜಿಟಲ್ ಸಹಿಯ ಸಾಧನ) ಚುಚ್ಚಿ, ಮನೆಯಿಂದಲೇ ಟೆಂಡರ್ ಹಾಕಬಹುದು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ತಡೆಯುವವರು ಮನೆಗೆ ಹೋಗಲಿಲ್ಲ. ಟೆಂಡರ್ ದಾಖಲೆಯ ಒಳಗೇ ಬಂದು ಕುಳಿತರು.

ಹೇಗೆ ಅಂತ ನಿಮಗೆ ಗೊತ್ತು, ಓದುವ ಜನರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ದೊಡ್ಡ ಕೆಲಸಗಳ ಟೆಂಡರ್ ದಾಖಲೆಯಲ್ಲಿ ಅರ್ಹತೆಯ ಷರತ್ತುಗಳಿರುತ್ತವೆ. ಇಷ್ಟು ವಹಿವಾಟು ಮಾಡಿರಬೇಕು, ಇದೇ ಥರದ ಕೆಲಸ ಹಿಂದೆ ಇಷ್ಟು ಮೊತ್ತಕ್ಕೆ ಮುಗಿಸಿರಬೇಕು, ಕೈಯಲ್ಲಿರುವ ಬೇರೆ ಕೆಲಸಗಳನ್ನು ಕಳೆದು ಇನ್ನೆಷ್ಟು ಮಾಡಬಲ್ಲೆ ಅನ್ನೋ ಲೆಕ್ಕ ಕೊಡಬೇಕು. ತಪ್ಪೇನಿಲ್ಲ, ಅನುಭವ ಇಲ್ಲದವನ ಕೈಗೆ ಸೇತುವೆ ಕೊಡೋಕಾಗುತ್ತದಾ? ಆದರೆ ಹತ್ತು ಹಳ್ಳಿಯ ಹತ್ತು ಸಣ್ಣ ಕೆಲಸಗಳನ್ನು ಒಟ್ಟು ಮಾಡಿ ಒಂದೇ ಪ್ಯಾಕೇಜ್ ಅಂತ ಕರೆದರೆ ಏನಾಗುತ್ತದೆ ನೋಡಿ. ಪ್ರತಿ ಕೆಲಸವನ್ನೂ ಕಣ್ಣುಮುಚ್ಚಿ ಮಾಡಬಲ್ಲ ಹಳ್ಳಿಯ ಗುತ್ತಿಗೆದಾರ ಆ ವಹಿವಾಟಿನ ಷರತ್ತಿನಲ್ಲೇ ಹೊರಗೆ ಬೀಳುತ್ತಾನೆ. ಪ್ಯಾಕೇಜ್ ಹಿಡಿದ ದೊಡ್ಡವನು ಬಂದು ಅದೇ ಹತ್ತು ಮಂದಿಗೆ ಬಾಯಿಮಾತಿನಲ್ಲಿ ಸಬ್ (ಒಳಗುತ್ತಿಗೆ) ಕೊಡುತ್ತಾನೆ, ನಡುವೆ ಒಂದು ಪಾಲು ಇಟ್ಟುಕೊಂಡು. ಕೆಲಸ ಮಾಡುವ ಕೈ ಅದೇ. ರಸ್ತೆಗೆ ಬೀಳುವ ದುಡ್ಡು ಮಾತ್ರ ಕಡಿಮೆ. ಇದಕ್ಕೆ ಉಲ್ಟಾನೂ ಇದೆ. ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ, ಟೆಂಡರ್ ಮಿತಿಯ ಕೆಳಗೆ ತಂದು, ಬೇಕಾದವರಿಗೆ ತುಂಡು ಗುತ್ತಿಗೆ ಕೊಡುವುದು. ಕೂಡಿಸುವುದೂ ಕತ್ತರಿಸುವುದೂ ಅವರವರ ಅನುಕೂಲ.

ಇನ್ನು ಅವಧಿ. 2000ದ ನಿಯಮಗಳನ್ನು ಬರೆದಾಗ 17ನೇ ನಿಯಮದಲ್ಲಿ 2 ಕೋಟಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 60 ದಿನ ಅಂತ ಇಟ್ಟರು. ಕಡಿಮೆ ಮಾಡಬೇಕಾದರೆ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು. ಉದ್ದೇಶ ಏನು? ಜಾಗ ನೋಡಿ, ಲೆಕ್ಕ ಹಾಕಿ, ಯೋಚಿಸಿ ದರ ಬರೆಯಲಿ ಅಂತ. ನಮ್ಮ ಕಡೆ ಅಲ್ಪಾವಧಿ ಟೆಂಡರೇ ಮಾಮೂಲು ಅನ್ನೋ ಹಾಗಾಗಿದೆ. ಅದರಲ್ಲೂ ಫೆಬ್ರವರಿ ಬಂತೆಂದರೆ ಸಾಕು, ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಬೇಕು ಅಂತ ಎಲ್ಲವೂ ತುರ್ತು. ವರ್ಷವಿಡೀ ಮಲಗಿದ್ದ ಫೈಲಿಗೆ ಕೊನೇ ತಿಂಗಳಲ್ಲಿ ಎಲ್ಲಿಲ್ಲದ ಅವಸರ.

ರಿಂಗ್ ಮಾಡುವುದರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಮೂರು ಟೆಂಡರ್ ಬಂದಿರುತ್ತವೆ, ಮೂರನ್ನೂ ಹಾಕಿದವನು ಒಬ್ಬನೇ, ಎರಡು ಹೆಸರಿಗೆ ಮಾತ್ರ. ಆನ್‌ಲೈನ್ ಆದ ಮೇಲೆ ಇದು ನಿಂತಿತು ಅಂದುಕೊಂಡವರು ಛತ್ತೀಸ್‌ಗಢದ ಇ-ಟೆಂಡರ್ ಬಗ್ಗೆ 2019ರಲ್ಲಿ ಹೊರಬಂದ ಸಿಎಜಿ ವರದಿಯನ್ನು ನೋಡಬೇಕು. ಟೆಂಡರ್ ಕರೆದ ಅಧಿಕಾರಿಗಳು ಬಳಸಿದ ಕಂಪ್ಯೂಟರ್‌ನಿಂದಲೇ ಟೆಂಡರ್ ಹಾಕಿದವರೂ ಹಾಕಿದ್ದರು ಅಂತ ಅಲ್ಲಿನ ಲೆಕ್ಕಪರಿಶೋಧಕರು ಹಿಡಿದರು. ಹಿಡಿಯೋಕೆ ಆಗಿದ್ದು ಹೇಗೆ? ಕಂಪ್ಯೂಟರ್ ಗುರುತು ಸಿಸ್ಟಂನಲ್ಲಿ ಉಳಿದಿತ್ತು. ನಮ್ಮ ಪೋರ್ಟಲ್‌ನಲ್ಲೂ ಅಂಥ ದಾಖಲೆ ಉಳಿಯುತ್ತದೆ ಅಲ್ವಾ? ವರ್ಷಕ್ಕೊಮ್ಮೆ ಜಿಲ್ಲೆವಾರು ತಾಳೆ ನೋಡಿ. ಅದಕ್ಕೆ ಹೊಸ ಕಾನೂನೂ ಬೇಡ, ಕಮಿಟಿಯೂ ಬೇಡ.

ಇವೆಲ್ಲ ಬಾಗಿಲ ರೋಗಗಳು. ಒಳಗಿನ ರೋಗ ಬಿಲ್ಲು.

ಕೆಲಸ ಮುಗಿದ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ. ಜೆಇ (ಕಿರಿಯ ಎಂಜಿನಿಯರ್) ಬಂದು ಅಳತೆ ತೆಗೆದು ಎಂಬಿ (ಅಳತೆ ಪುಸ್ತಕ) ಬರೆಯಬೇಕು. ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಅದನ್ನು ಪರಿಶೀಲಿಸಬೇಕು. ಫೋಟೊ, ಗುಣಮಟ್ಟದ ವರದಿ, ರಾಯಲ್ಟಿ ಚೀಟಿ ಎಲ್ಲ ಸೇರಿ ವಿಭಾಗ ಕಚೇರಿಯ ಲೆಕ್ಕಪತ್ರ ಶಾಖೆಗೆ ಹೋಗಬೇಕು. ಇಇ (ಕಾರ್ಯಪಾಲಕ ಎಂಜಿನಿಯರ್) ಸಹಿ ಆಗಬೇಕು. ಇಷ್ಟೂ ದಾಟಿದ ಮೇಲೆ ಸಿಗುವ ಉತ್ತರ "ಗ್ರ್ಯಾಂಟ್ ಇಲ್ಲ". ಒಂದು ಕಚೇರಿಯಲ್ಲಿ ನಾನು ಕೇಳಿದೆ, ನನ್ನ ಬಿಲ್ ಎಷ್ಟನೇ ನಂಬರಿನಲ್ಲಿದೆ? ಅಲ್ಲಿದ್ದ ಗುಮಾಸ್ತರು ನನ್ನ ಮುಖ ನೋಡಿ ನಕ್ಕರು. ಕೆಟ್ಟ ಮನುಷ್ಯ ಅಲ್ಲ, ಚಹಾ ತರಿಸಿಕೊಟ್ಟರು. "ನಂಬರ್ ಅಂತ ಏನಿಲ್ರೀ, ಮೇಲಿಂದ ಯಾವುದು ಹೇಳ್ತಾರೆ ಅದು" ಅಂದರು. ನನ್ನ ನಂತರ ಶುರುವಾದ, ನನ್ನ ನಂತರ ಮುಗಿದ ಕೆಲಸದ ಬಿಲ್ ಅಷ್ಟೊತ್ತಿಗಾಗಲೇ ಆಗಿತ್ತು. ಯಾಕೆ ಅಂತ ಕೇಳೋಕೆ ನನ್ನ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ಒಂದು ಲೆಕ್ಕ ಹಾಕೋಣ. 40 ಲಕ್ಷದ ಒಂದು ಸಿಸಿ ರಸ್ತೆ ಅಂದುಕೊಳ್ಳಿ. ರಸ್ತೆ ಕೆಲಸದ ದರ ಕಟ್ಟುವಾಗ ಕೇಂದ್ರ ಹೆದ್ದಾರಿ ಸಚಿವಾಲಯದ ದರ ವಿಶ್ಲೇಷಣೆಯ ಪುಸ್ತಕ ಗುತ್ತಿಗೆದಾರನ ಲಾಭ ಅಂತ ಇಡುವುದು ನೂರಕ್ಕೆ 10. ಅಂದರೆ 40 ಲಕ್ಷದಲ್ಲಿ ಲಾಭ ಸುಮಾರು 3 ಲಕ್ಷ 60 ಸಾವಿರ. ಕೆಲಸ ಮುಗಿಸಲು ನಾನು 30 ಲಕ್ಷ ಹೊರಗಿಂದ ತಂದೆ ಅಂದುಕೊಳ್ಳಿ. ನಮ್ಮ ಕಡೆ ಕೈಗಡ ಸಿಗುವುದು ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿಗೆ, ಅದೂ ತಿಂಗಳಿಗೆ. ಎರಡೇ ಅಂತ ಹಿಡಿದರೂ ತಿಂಗಳ ಬಡ್ಡಿ 60 ಸಾವಿರ. ಆರು ತಿಂಗಳು ಬಿಲ್ ತಡವಾದರೆ 3 ಲಕ್ಷ 60 ಸಾವಿರ. ಲಾಭ ಅಲ್ಲಿಗೆ ಸೊನ್ನೆ. ಏಳನೇ ತಿಂಗಳಿಂದ ನಾನು ಸರ್ಕಾರದ ರಸ್ತೆಯನ್ನು ನನ್ನ ಮನೆಯ ದುಡ್ಡಿನಲ್ಲಿ ಮಾಡಿಕೊಟ್ಟ ಹಾಗೆ. ಬಿಲ್ ವರ್ಷ ದಾಟಿದವರು ನನ್ನ ಸುತ್ತ ಎಷ್ಟೋ ಜನ ಇದ್ದಾರೆ.

ಇದರ ಮೇಲೆ ಜಿಎಸ್‌ಟಿ. ಸರ್ಕಾರಿ ಕಾಮಗಾರಿಗೆ 12 ಇದ್ದದ್ದನ್ನು 2022ರ ಜುಲೈ 18ರಿಂದ 18 ಮಾಡಿದರು. ಇನ್‌ವಾಯ್ಸ್ ಕೊಟ್ಟರೆ ಮುಂದಿನ ತಿಂಗಳೇ ತೆರಿಗೆ ಕಟ್ಟಬೇಕು, ಬಿಲ್ ಬಂದಿರಲಿ ಬಿಡಲಿ. ಸರ್ಕಾರ ನನಗೆ ಕೊಡದ ದುಡ್ಡಿಗೆ ನಾನು ಸರ್ಕಾರಕ್ಕೆ ತೆರಿಗೆ ಕಟ್ಟಬೇಕು. ತಡವಾದರೆ ಅದಕ್ಕೂ ಬಡ್ಡಿ, ಆ ಬಡ್ಡಿಯಲ್ಲಿ ಮಾತ್ರ ಒಂದು ದಿನದ ರಿಯಾಯಿತಿಯೂ ಇಲ್ಲ.

ಇದೆಲ್ಲ ಗುತ್ತಿಗೆದಾರನ ಗೋಳು, ನಮಗೇನು ಅಂತ ಓದುತ್ತಿರುವ ನೀವು ಕೇಳಬಹುದು. ಕೇಳಬೇಕು ಕೂಡ. ನಿಮ್ಮ ಓಣಿಯ ರಸ್ತೆ ಎರಡು ಮಳೆಗಾಲಕ್ಕೆ ಯಾಕೆ ಬಿರಿಯುತ್ತದೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಒಳಗಿನ ಮಣ್ಣು ಉಸಿರಾಡಿದಾಗೆಲ್ಲ ಮೇಲಿನದು ಸೀಳುತ್ತದೆ. ಅದಕ್ಕೇ ಎರೆಮಣ್ಣು ತೆಗೆದು, ಗರಸು (ಗಟ್ಟಿ ಜಲ್ಲಿಮಣ್ಣು) ತುಂಬಿ, ನೀರು ಹೊಡೆದು, ರೋಲರ್ ಓಡಿಸಿ, ಪದರ ಪದರವಾಗಿ ಗಟ್ಟಿ ಮಾಡಬೇಕು. ಆಮೇಲೆ ಬೆಡ್ ಕಾಂಕ್ರೀಟ್, ಅದರ ಮೇಲೆ ಎಂ-20 ದರ್ಜೆಯ ಕಾಂಕ್ರೀಟ್. ಹಾಕಿದ ಮೇಲೆ ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ಭತ್ತದ ಹುಲ್ಲು ಹಾಸಿ ದಿನಕ್ಕೆ ಮೂರ್ನಾಲ್ಕು ಸಲ ನೆನೆಸಬೇಕು, ಎರಡು ವಾರವಾದರೂ. ರಾಯಚೂರು, ಕೊಪ್ಪಳದ ಏಪ್ರಿಲ್ ಬಿಸಿಲಲ್ಲಿ ಒಂದು ದಿನ ನೀರು ತಪ್ಪಿದರೆ ಮೇಲ್ಮೈ ಪುಡಿ ಪುಡಿ. ಹುಲ್ಲು ಊರಲ್ಲಿ ಸಿಗುತ್ತದೆ. ನೀರಿನ ಟ್ಯಾಂಕರಿಗೆ ದುಡ್ಡು ಬೇಕು.

ಈಗ ಯೋಚಿಸಿ. ಬಿಲ್ ಯಾವಾಗ ಬರುತ್ತದೋ ಗೊತ್ತಿಲ್ಲ, ಬಡ್ಡಿ ಓಡುತ್ತಿದೆ, ಟೆಂಡರನ್ನು ಅಂದಾಜಿಗಿಂತ ನೂರಕ್ಕೆ 20 ಕಡಿಮೆಗೆ ಹಿಡಿದಾಗಿದೆ. ಗುತ್ತಿಗೆದಾರ ಎಲ್ಲಿ ಉಳಿಸುತ್ತಾನೆ? ಕಣ್ಣಿಗೆ ಕಾಣುವ ಕಾಂಕ್ರೀಟಿನಲ್ಲಿ ಅಲ್ಲ, ಅಡಿಯ ಗರಸಿನಲ್ಲಿ. ಒಂಬತ್ತು ಇಂಚು ಇರಬೇಕಾದಲ್ಲಿ ನಾಲ್ಕು. ಕಾಂಕ್ರೀಟ್ ಮುಚ್ಚಿದ ಮೇಲೆ ಯಾರೂ ಅಗೆದು ನೋಡುವುದಿಲ್ಲ. ಉದ್ಘಾಟನೆಯ ದಿನ ರಸ್ತೆ ಚೆನ್ನಾಗೇ ಕಾಣುತ್ತದೆ, ಕಲ್ಲಿನ ಮೇಲೆ ಎಲ್ಲರ ಹೆಸರೂ ಇರುತ್ತದೆ. ಮೊದಲ ಮಳೆಗಾಲಕ್ಕೆ ಅಂಚಿನುದ್ದಕ್ಕೂ ಒಂದು ಗೆರೆ. ಎರಡನೆಯದಕ್ಕೆ ಎತ್ತಿನ ಬಂಡಿಯ ಗಾಲಿ ಸಿಕ್ಕುವಷ್ಟು ಸೀಳು. ಇದನ್ನು ನಾನು ಸಮರ್ಥಿಸುತ್ತಿಲ್ಲ, ಕಳ್ಳತನ ಕಳ್ಳತನವೇ. ಆದರೆ ಕಳ್ಳತನ ಮಾಡದವನು ಉಳಿಯದಂಥ ವ್ಯವಸ್ಥೆ ಮಾಡಿಟ್ಟು, ಆಮೇಲೆ ಗುಣಮಟ್ಟ ಪರಿಶೀಲನೆಗೆ ಜೀಪು ಕಳಿಸಿದರೆ ಏನು ಸಿಗುತ್ತದೆ?

ಅಷ್ಟು ಕಡಿಮೆಗೆ ಯಾಕೆ ಹಾಕುತ್ತೀರಿ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ತೀರಾ ಕಡಿಮೆ ದರ ಹಾಕಿದವನಿಂದ ಹೆಚ್ಚಿನ ಭದ್ರತಾ ಠೇವಣಿ ಕೇಳಬಹುದು ಅನ್ನೋ ಷರತ್ತು ಟೆಂಡರ್ ದಾಖಲೆಯಲ್ಲೇ ಇದೆ. ಆದರೂ ಹಾಕುತ್ತಾರೆ. ಯಾಕೆಂದರೆ ಬಿಲ್ ತಮಗೆ ಬೇಗ ಆಗುತ್ತದೆ ಅಂತ ಮೊದಲೇ ಗೊತ್ತಿರುವವನ ಲೆಕ್ಕವೇ ಬೇರೆ. ಅವನಿಗೆ ಬಡ್ಡಿ ಇಲ್ಲ. ಅವನು 15 ಕಡಿಮೆ ಹಾಕಿದರೂ ಉಳಿಯುತ್ತದೆ, ನಾನು ಅಂದಾಜಿನ ದರಕ್ಕೇ ಹಾಕಿದರೂ ಮುಳುಗುತ್ತೇನೆ. ಹಾಗಾಗಿ ಪೋರ್ಟಲ್‌ನಲ್ಲಿ ಎಲ್-1 (ಅತಿ ಕಡಿಮೆ ದರದವನು) ಅಂತ ಕಾಣುವ ಸ್ಪರ್ಧೆ ದರದ ಸ್ಪರ್ಧೆಯೇ ಅಲ್ಲ. ಯಾರ ಬಿಲ್ ಬೇಗ ಆಗುತ್ತದೆ ಅನ್ನೋದರ ಸ್ಪರ್ಧೆ. ಅದು ಟೆಂಡರಿಗೆ ಮೊದಲೇ ಮುಗಿದಿರುತ್ತದೆ.

ಈ ಮಾತನ್ನು ಒಪ್ಪಿದರೆ ಕಮಿಷನ್ ವಿಷಯವೂ ಬೇರೆ ಥರ ಕಾಣುತ್ತದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದದ್ದು, 40 ಪರ್ಸೆಂಟ್ ಕಮಿಷನ್ ಅನ್ನೋ ಮಾತು ಮನೆಮನೆಗೆ ಹೋದದ್ದು, 2023ರ ಚುನಾವಣೆಯಲ್ಲಿ ಅದು ಗೋಡೆಗೋಡೆಗೆ ಪೋಸ್ಟರ್ ಆದದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಆ ಆರೋಪದ ತನಿಖೆಗೆ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಕೂತಿತು, 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಯಾವ ಪಕ್ಷದ ಕಾಲದಲ್ಲಿ ಎಷ್ಟು ಅನ್ನೋ ಜಗಳಕ್ಕೆ ನಾನು ಬರೋದಿಲ್ಲ, ಅದನ್ನು ಮಾಡೋಕೆ ಬೇರೆಯವರಿದ್ದಾರೆ. ನಾನು ಹೇಳುವುದು ಇಷ್ಟೇ. ಕಮಿಷನ್ ಕೇಳುವವನಿಗೆ ಕೇಳುವ ಶಕ್ತಿ ಎಲ್ಲಿಂದ ಬರುತ್ತದೆ? ಟೆಂಡರಿನಿಂದಲ್ಲ, ಟೆಂಡರ್ ಹೇಗೂ ಆನ್‌ಲೈನ್ ಇದೆ. ಬಿಲ್ ತಡೆಹಿಡಿಯುವ ಅಧಿಕಾರದಿಂದ ಬರುತ್ತದೆ. ಸಾಲು ಕಾಣದಿದ್ದರೆ ಸಾಲಿನಲ್ಲಿ ಮುಂದೆ ಬಿಡುವುದಕ್ಕೆ ಬೆಲೆ ಹುಟ್ಟುತ್ತದೆ.

ರಾಯಚೂರು ಎಪಿಎಂಸಿಗೆ ಹತ್ತಿ ತಂದ ರೈತನನ್ನು ನೋಡಿ. ಅಲ್ಲೂ ಟೆಂಡರ್. ವರ್ತಕರು ದರ ಹಾಕುತ್ತಾರೆ, ಹೆಚ್ಚು ಹಾಕಿದವನಿಗೆ ಮಾಲು, ತೂಕ, ಪಟ್ಟಿ, ಹಣ. ಅಲ್ಲೇನು ಎಲ್ಲ ಸರಿ ಇದೆ ಅಂತಲ್ಲ, ರೈತರನ್ನು ಕೇಳಿದರೆ ನೂರು ದೂರು ಹೇಳುತ್ತಾರೆ. ಆದರೆ ನಿನ್ನ ಹತ್ತಿ ಒಯ್ಯುತ್ತೇನೆ, ಹಣ ಯಾವಾಗ ಅಂತ ಹೇಳೋದಿಲ್ಲ ಅಂದರೆ ಯಾರಾದರೂ ಗಾಡಿ ಇಳಿಸುತ್ತಾರಾ? ನಾವು ಇಳಿಸುತ್ತಿದ್ದೇವೆ.

ದುಡ್ಡೇ ಇಲ್ಲ ಅನ್ನುವ ಉತ್ತರವನ್ನು ನಮ್ಮ ಭಾಗದಲ್ಲಂತೂ ಹೇಳಬೇಡಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ವರ್ಷಕ್ಕೆ 1,500 ಕೋಟಿ ಇದ್ದ ಅದರ ಅನುದಾನ 3,000 ಆಯಿತು, 2023-24ರ ಬಜೆಟ್‌ನಲ್ಲಿ 5,000 ಕೋಟಿ ಇಟ್ಟರು. ಒಳ್ಳೆಯದೇ, ಇನ್ನೂ ಬರಲಿ. ಆದರೆ ಬಜೆಟ್ ಪುಸ್ತಕದಲ್ಲಿ ಬರೆದ ಕೋಟಿ ಬೇರೆ, ಮೇಸ್ತ್ರಿಯ ಕೈಗೆ ಬಂದ ಶನಿವಾರದ ಬಟವಾಡೆ ಬೇರೆ. ದೇವದುರ್ಗ, ಲಿಂಗಸುಗೂರು, ಯಲಬುರ್ಗಾ ಕಡೆಯ ಜನ ಇವತ್ತಿಗೂ ಗುಳೆ ಹೋಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಂಟ್ರಿಂಗ್ ಕಟ್ಟುವವರನ್ನು ಮಾತಾಡಿಸಿ ನೋಡಿ, ಅರ್ಧ ಮಂದಿ ನಮ್ಮವರೇ. ಊರಲ್ಲೇ ಸರ್ಕಾರದ ಕೆಲಸ ನಡೆಯುತ್ತಿರುತ್ತದೆ, ಆದರೂ ಹೋಗುತ್ತಾರೆ. ಯಾಕೆ ಅಂತ ಒಬ್ಬ ಮೇಸ್ತ್ರಿಯನ್ನು ಕೇಳಿದ್ದೆ. "ಅಲ್ಲಿ ವಾರಕ್ಕೆ ಪಗಾರ ಆಗತೈತ್ರಿ, ಇಲ್ಲಿ ನಿಮ್ಮ ಬಿಲ್ಲಾಗ್ಬೇಕು" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಮೀಸಲಾತಿಯ ಮಾತನ್ನೂ ಇಲ್ಲೇ ಹೇಳಬೇಕು. ಟೆಂಡರ್ ಕಾಯ್ದೆಗೆ ತಿದ್ದುಪಡಿ ಮಾಡಿ ಮೊದಲು 50 ಲಕ್ಷದವರೆಗಿನ, ಆಮೇಲೆ 1 ಕೋಟಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡಾ 17.15, ಪಂಗಡದವರಿಗೆ 6.95 ಇಟ್ಟಿರಿ. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಿಗೆ ಇದು ದೊಡ್ಡ ವಿಷಯ. ಡಿಪ್ಲೊಮಾ ಮುಗಿಸಿದ ಹುಡುಗರು ಲೈಸೆನ್ಸ್ ಮಾಡಿಸಿದರು, ಕೆಲಸ ಹಿಡಿದರು. ಆದರೆ ಬಿಲ್ ತಡವಾದರೆ ಮೊದಲು ಬೀಳುವವನು ಬಂಡವಾಳ ಇಲ್ಲದವನು. ಅಪ್ಪನ ಹೊಲ, ತಾತನ ಮನೆ ಅಡ ಇಡಲು ಇಲ್ಲದ ಹುಡುಗ ಎರಡನೇ ಕೆಲಸಕ್ಕೇ ಸೋಲುತ್ತಾನೆ. ಆಮೇಲೆ ಅವನ ಲೈಸೆನ್ಸ್ ಮಾತ್ರ ಓಡಾಡುತ್ತದೆ. ಹೆಸರು ಅವನದ್ದು, ಕೆಲಸ ಬೇರೆಯವರದ್ದು, ಅವನಿಗೆ ನೂರಕ್ಕೆ ಎರಡೋ ಮೂರೋ. ನೀವು ಕೊಟ್ಟ ಹಕ್ಕನ್ನು ನಿಮ್ಮ ಖಜಾನೆಯೇ ವಾಪಸ್ ಕಿತ್ತುಕೊಂಡಂತೆ ಆಯಿತು.

ಟೆಂಡರೇ ಇಲ್ಲದೆ ಕೊಡುವ ಕೆಲಸಗಳ ಬಗ್ಗೆಯೂ ಒಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಅಡ್ಡಗೇಟು) ಇಳಿಸಿ ಒಂದೇ ವಾರದಲ್ಲಿ ನಿಲ್ಲಿಸಿದರು. ಆವತ್ತು ಯಾರಾದರೂ 30 ದಿನದ ಟೆಂಡರ್ ಕರೆಯಿರಿ ಅಂದಿದ್ದರೆ ನಮ್ಮ ಎಡದಂಡೆಯ ಭತ್ತದ ಗತಿ ಏನು? ತುರ್ತಿಗೆ ವಿನಾಯಿತಿ ಇರಲೇಬೇಕು, ಕಾಯ್ದೆಯ 4ನೇ ಕಲಮಿನಲ್ಲಿ ಇದೆ ಕೂಡ. ಆದರೆ ಅದೇ ಕಲಮಿನ (ಜಿ) ಅಡಿಯಲ್ಲಿ ಸಮುದಾಯ ಭವನ, ಹೈಮಾಸ್ಟ್ ದೀಪ, ಕಾಂಪೌಂಡ್ ಗೋಡೆಗಳೂ ಟೆಂಡರಿಲ್ಲದೆ ಸರ್ಕಾರದ ಸಂಸ್ಥೆಗಳಿಗೆ ನೇರವಾಗಿ ಹೋಗುತ್ತವೆ. ಕಾಂಪೌಂಡ್ ಗೋಡೆಯಲ್ಲಿ ಏನು ತುರ್ತು? ನೇರವಾಗಿ ಕೊಟ್ಟದ್ದು ಯಾವ ಕೆಲಸ, ಎಷ್ಟಕ್ಕೆ, ಸ್ಥಳದಲ್ಲಿ ನಿಜವಾಗಿ ಮಾಡಿದವರು ಯಾರು ಅನ್ನೋದನ್ನಾದರೂ ಪೋರ್ಟಲ್‌ಗೆ ಹಾಕಿ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಪ್ರತಿ ಟೆಂಡರ್ ಪುಟದ ಕೆಳಗೆ ಇವಿಷ್ಟು ಬರಲಿ. ಕೆಲಸ ಶುರುವಾದ ದಿನ, ಎಂಬಿ ಬರೆದ ದಿನ, ಬಿಲ್ ವಿಭಾಗ ಕಚೇರಿಗೆ ಬಂದ ದಿನ, ಬಿಲ್ಲಿನ ಮೊತ್ತ, ಆ ಕಚೇರಿಯ ಬಾಕಿ ಬಿಲ್ಲುಗಳಲ್ಲಿ ಅದರ ಕ್ರಮಸಂಖ್ಯೆ, ಹಣ ಪಾವತಿಯಾದ ದಿನ. ಕ್ರಮ ತಪ್ಪಿಸಿ ಯಾವುದಾದರೂ ಬಿಲ್ ಮುಂದೆ ಹೋದರೆ ತಪ್ಪಿಸಿದವರು ಯಾರು, ಯಾಕೆ ಅನ್ನೋದು ಒಂದು ಸಾಲಿನಲ್ಲಿ. ಆಸ್ಪತ್ರೆಯ ಕೆಲಸ, ಕುಡಿಯುವ ನೀರಿನ ಕೆಲಸ ಮುಂದೆ ಹೋಗಲಿ, ಯಾರೂ ಬೇಡ ಅನ್ನೋದಿಲ್ಲ. ಕಾರಣ ಬರೆದು ಹೋಗಲಿ. ಈ ಎಲ್ಲ ದಿನಾಂಕಗಳೂ ಈಗಾಗಲೇ ನಿಮ್ಮ ಕಂಪ್ಯೂಟರ್‌ಗಳಲ್ಲಿವೆ, ಖಜಾನೆಯ ಲೆಕ್ಕವೂ ಆನ್‌ಲೈನೇ. ಹೊಸದಾಗಿ ಯಾರೂ ಏನೂ ಬರೆಯಬೇಕಿಲ್ಲ, ಮುಚ್ಚಿದ್ದನ್ನು ತೆರೆದರೆ ಸಾಕು.

ಅವಧಿಯ ವಿಷಯದಲ್ಲೂ ಹೊಸದಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ತನ್ನ ಇಲಾಖೆಗಳಿಗೆ ಸೂಚನೆ ಕೊಟ್ಟಿತು. ಗುತ್ತಿಗೆದಾರ ಬಿಲ್ ಕೊಟ್ಟ 10 ಕೆಲಸದ ದಿನಗಳೊಳಗೆ ಕನಿಷ್ಠ ಶೇಕಡಾ 75 ಹಣ ಕೊಡಬೇಕು, ಉಳಿದದ್ದನ್ನು ಪರಿಶೀಲನೆ ಮುಗಿಸಿ 28 ಕೆಲಸದ ದಿನಗಳೊಳಗೆ. ಕಣ್ಣುಮುಚ್ಚಿ ಕಡಿಮೆ ದರದವನಿಗೇ ಕೊಡುವುದರ ಬದಲು ಕೆಲವು ಕೆಲಸಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡಬಹುದು ಅಂತಲೂ ಅದೇ ಸೂಚನೆಯಲ್ಲಿದೆ. ಅಂಕದ ಮಾತು ನನಗೆ ಸ್ವಲ್ಪ ಅನುಮಾನ, ಅಂಕ ಕೊಡುವ ಕೈ ಯಾರದು ಅಂತ ಆಮೇಲೆ ಇನ್ನೊಂದು ಪತ್ರ ಬರೆಯಬೇಕಾದೀತು. ಆದರೆ 75 ಪರ್ಸೆಂಟಿನ ಮಾತನ್ನು ನಮ್ಮ ರಾಜ್ಯವೂ ತೆಗೆದುಕೊಳ್ಳಬಹುದು. ಕೆಲಸಗಾರರ ಬಟವಾಡೆ, ಸಿಮೆಂಟ್ ಅಂಗಡಿಯ ಬಾಕಿ, ಜಲ್ಲಿ ಲಾರಿಯವನ ಬಾಕಿ ಅಷ್ಟರಲ್ಲಿ ತೀರುತ್ತದೆ. ಉಳಿದದ್ದಕ್ಕೆ ಕಾಯುತ್ತೇವೆ, ಕಾಯುವುದು ನಮಗೇನು ಹೊಸದಲ್ಲ.

ಅಷ್ಟು ಹಣ ಕೈಯಲ್ಲಿ ಇರುವುದಿಲ್ಲವಲ್ಲ ಅಂತ ನೀವು ಹೇಳಬಹುದು. ಇಲ್ಲದಿದ್ದರೆ ಟೆಂಡರ್ ಕರೆಯಬೇಡಿ. ಇದು ಸಿಟ್ಟಿನಲ್ಲಿ ಹೇಳಿದ್ದಲ್ಲ, ನಿಜವಾಗಿಯೂ ಹೇಳುತ್ತಿದ್ದೇನೆ. ಹತ್ತು ರಸ್ತೆಗೆ ಗುದ್ದಲಿ ಪೂಜೆ ಮಾಡಿ ಎಲ್ಲವನ್ನೂ ಅರ್ಧಂಬರ್ಧ ಮಾಡುವುದಕ್ಕಿಂತ ನಾಲ್ಕನ್ನು ಪೂರ್ತಿ ಮಾಡಿ ಪೂರ್ತಿ ದುಡ್ಡು ಕೊಡಿ. ಪೂಜೆಯ ಫೋಟೊ ಕಡಿಮೆಯಾಗುತ್ತದೆ, ಶಾಸಕರಿಗೆ ಬೇಜಾರಾಗಬಹುದು. ಆದರೆ ಬಾಕಿ ಪಟ್ಟಿ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುತ್ತಿದ್ದರೆ, ಹಳೆಯ ಬಾಕಿ ತೀರಿಸದೆ ಹೊಸ ಟೆಂಡರ್ ಕರೆದ ಕಚೇರಿ ಯಾವುದು ಅಂತ ಜನರಿಗೇ ಗೊತ್ತಾಗುತ್ತದೆ. ಹೊಸಬನೂ ಅದನ್ನು ನೋಡಿ ಟೆಂಡರ್ ಹಾಕಬೇಕೋ ಬೇಡವೋ ತೀರ್ಮಾನಿಸುತ್ತಾನೆ. ಬಿಲ್ ಬೇಗ ಆಗುವ ಕಚೇರಿಗೆ ಹತ್ತು ಟೆಂಡರ್ ಬರುತ್ತವೆ, ದರವೂ ತಾನಾಗೇ ಇಳಿಯುತ್ತದೆ. ಉಳಿತಾಯ ನಿಮ್ಮದೇ.

ನನ್ನ ಜೊತೆಯ ಗುತ್ತಿಗೆದಾರರಿಗೂ ಒಂದು ಮಾತು. ಹೀಗೆಲ್ಲ ಬರೆದರೆ ಇರುವ ಬಿಲ್ಲೂ ನಿಲ್ಲುತ್ತದೆ ಅಂತ ನೀವು ಫೋನ್ ಮಾಡಿ ಹೇಳೋದು ಗ್ಯಾರಂಟಿ. ಅದು ನಿಲ್ಲುತ್ತದೆ ಅನ್ನೋ ಭಯ ಇದೆ ಅಂದ ಮೇಲೆ, ಬಿಲ್ ಆಗುವುದು ಕೆಲಸ ನೋಡಿಯಲ್ಲ, ಮುಖ ನೋಡಿ ಅಂತ ನೀವೇ ಒಪ್ಪಿಕೊಂಡಂತಾಯಿತಲ್ಲ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಹಣ ಹಂಚಿಕೆ, ವೆಚ್ಚದ ವಿವರಗಳನ್ನು ಯಾರೂ ಕೇಳುವ ಮೊದಲೇ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಹಾಗಾಗಿ ನಾನು ಕೇಳುತ್ತಿರುವುದು ಉಪಕಾರವೂ ಅಲ್ಲ. ಪೋರ್ಟಲ್‌ನಲ್ಲಿ ಈ ಪಟ್ಟಿ ಬರುವವರೆಗೆ ನಾನು ಕೆಲಸ ಮಾಡಿದ ಪ್ರತಿ ವಿಭಾಗ ಕಚೇರಿಗೂ ಬಾಕಿ ಬಿಲ್ಲುಗಳ ದಿನಾಂಕವಾರು ಪಟ್ಟಿ ಕೇಳಿ ಅರ್ಜಿ ಹಾಕುತ್ತೇನೆ. ಉತ್ತರ ಕೊಡಲು 30 ದಿನ ಇದೆ. ಬಂದ ಪಟ್ಟಿಯನ್ನು ಬಂದ ಹಾಗೇ, ಒಂದಕ್ಷರ ಬದಲಿಸದೆ, ಈ ಪತ್ರ ಹಾಕಿದ ಜಾಗದಲ್ಲೇ ಹಾಕುತ್ತೇನೆ. ಬರದಿದ್ದರೆ ಯಾವ ಕಚೇರಿಯಿಂದ ಬರಲಿಲ್ಲ ಅನ್ನೋದನ್ನೂ ಹಾಕುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ ಹೀಗೇ ಅರ್ಜಿ ಹಾಕಬೇಕು ಅನ್ನುವವರಿಗೆ ಅರ್ಜಿಯ ನಮೂನೆ ಕೊಡುತ್ತೇನೆ, ಕೇಳಿ. ಹತ್ತು ರೂಪಾಯಿ ಶುಲ್ಕ, ಅಷ್ಟೇ.

ಇತಿ,
ಕೊಪ್ಪಳ ಜಿಲ್ಲೆಯ ಒಬ್ಬ ಸಿವಿಲ್ ಗುತ್ತಿಗೆದಾರ